ಓದುಗರ ಪ್ರಶ್ನೆ: ಹಗ್ಗದಲ್ಲಿ ಹರಿದ ಶಕ್ತಿ

ಪ್ರಶ್ನೆ: ಸ್ವಿಟ್ಜರ್‌ಲೆಂಡಿನ ಶಾಫ್‌ಹೌಸನ್ನಿನಲ್ಲಿ ಹೈನ್ರಿಖ್ ಮೋಸರ್ ಎಂಬ ಉದ್ಯಮಿ ಕರೆಂಟು ಬರುವ ಮೊದಲೇ ನದಿಯ ಬಲವನ್ನು ತಂತಿಹಗ್ಗದಿಂದ ಕಾರ್ಖಾನೆಗಳಿಗೆ ಕೊಟ್ಟರಂತೆ. ಗಿರಣಿ ಯಂತ್ರ ಹಗ್ಗಕ್ಕೆ ಓಡೀತೇ?
— ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಓಡುತ್ತದೆ, ಎರಡು ರಾಟೆಗಳಿಗೆ ಸುತ್ತಿದ ಹಗ್ಗ ಜೋರಾಗಿ ಓಡಿದರೆ. 1 ಹಾರ್ಸ್‌ಪವರ್ ಎಂದರೆ 75 ಕಿಲೋ ಭಾರವನ್ನು ಸೆಕೆಂಡಿಗೆ 1 ಮೀಟರ್ ಎತ್ತುವ ಶಕ್ತಿ. 100 ಹಾರ್ಸ್‌ಪವರ್ ಸಾಗಿಸಲು ಸೆಕೆಂಡಿಗೆ 5 ಮೀಟರ್ ಓಡುವ ಹಗ್ಗಕ್ಕೆ 1,500 ಕಿಲೋ ಎಳೆತ ಬೇಕು. 20 ಮೀಟರ್ ಓಡಿದರೆ 375 ಕಿಲೋ ಸಾಕು. ಆಗ ತೆಳು ಹಗ್ಗವೇ ತಡೆಯುತ್ತದೆ. ಫ್ರಾನ್ಸಿನ ಅಲ್ಸಾಸ್ ಸೀಮೆಯ ಹಿರ್ನ್ ಸೋದರರು 1850ರಲ್ಲಿ ಹಿಡಿದ ಗುಟ್ಟು ಇದೇ.

ಹಗ್ಗ ಬಿಗಿಯಾಗಿರುವುದು ತನ್ನ ತೂಕದಿಂದಲೇ. ಹಾಗಾಗಿ ರಾಟೆಗಳ ನಡುವೆ ದೂರವಿದ್ದಷ್ಟೂ ಒಳ್ಳೆಯದು, ಹತ್ತಿರವಾದರೆ ಜಾರುತ್ತದೆ. ಹಗ್ಗ ಕೂರುವ ರಾಟೆಯ ತೋಡಿಗೆ ಚರ್ಮದಂಥ ಮೆತ್ತನೆ ಅಸ್ತರಿ ಕೂರಿಸಬೇಕು. ಸವೆದ ಅಸ್ತರಿಯನ್ನು ಬದಲಿಸದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ತಂತಿ ಎಳೆಎಳೆಯಾಗಿ ಕಡಿಯುತ್ತದೆ. ರಾಟೆ ಚಿಕ್ಕದಾದರೂ ಅಪಾಯ: ಪ್ರತಿ ಸುತ್ತಿಗೂ ಹಗ್ಗ ತೀರಾ ಬಾಗಿ ತಂತಿ ಬೇಗ ದಣಿಯುತ್ತದೆ. ಎರಡು ರಾಟೆ ಒಂದೇ ನೇರಕ್ಕಿಲ್ಲದಿದ್ದರೆ ಹಗ್ಗ ತೋಡಿನ ಅಂಚನ್ನು ತಿನ್ನುತ್ತದೆ. ಹೊಸ ಹಗ್ಗ ಹಿಗ್ಗುವುದರಿಂದ ಆಗಾಗ ಬಿಚ್ಚಿ, ಕತ್ತರಿಸಿ, ಮತ್ತೆ ಹೆಣೆಯುವ ಕೆಲಸ ಬೇರೆ.

ಮೋಸರ್ (1805–1874) ಮೂಲತಃ ಗಡಿಯಾರದವರು. 1828ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಂಗಡಿ ಇಟ್ಟು ದುಡ್ಡು ಮಾಡಿ, 1848ರಲ್ಲಿ ಊರಿಗೆ ಮರಳಿದರು. ರಾಜಕಾರಣಿ ಪೈಯರ್ ಇಮ್ ಹೋಫ್ ಮತ್ತು ಕಬ್ಬಿಣದ ಉದ್ಯಮಿ ನೇಹರ್ ಜೊತೆಗೂಡಿ 1853ರಲ್ಲಿ ರೈಲು ಬೋಗಿ ಕಾರ್ಖಾನೆ ತೆರೆದರು. ರೈನ್ ನದಿಗೆ ಕಟ್ಟಿಸಿದ ಅಣೆಕಟ್ಟು ಮುಗಿದದ್ದು 1866ರಲ್ಲಿ. ನೀರಿನ ಬಲಕ್ಕೆ ತಿರುಗುವ ಚಕ್ರದ, ಅಂದರೆ ಟರ್ಬೈನಿನ, ಶಕ್ತಿ ಹಗ್ಗದ ಮೂಲಕ ನದಿ ದಾಟಿ, ದಡದ ಕಾರ್ಖಾನೆಗಳಿಗೆ ಹಂಚಿಹೋಯಿತು. ಛತ್ರ, ದೇಗುಲ ಕಟ್ಟಿಸುವ ಧರ್ಮ ನಮಗೆ ಗೊತ್ತು. ಊರಿನ ಸಣ್ಣ ಉದ್ಯಮಕ್ಕೂ ಶಕ್ತಿ ಬಾಡಿಗೆಗೆ ಸಿಗುವಂತೆ ಮಾಡಿದ್ದು ಅದಕ್ಕಿಂತ ಜಾಣ ದಾನ ಅನ್ನಬಹುದು. ಅಮೆರಿಕದ ಫ್ಲೋರೆಂಟೀನ್ ಜೋನ್ಸ್ 1868ರಲ್ಲಿ ಅಲ್ಲಿ ಐಡಬ್ಲ್ಯುಸಿ ಗಡಿಯಾರ ಕಾರ್ಖಾನೆ ಹೂಡಿದ್ದೂ ಈ ಶಕ್ತಿಯನ್ನು ನಂಬಿಯೇ.

ಪ್ರಶ್ನೆ: ಮೋಸರ್ ರೈನ್ ನದಿಗೆ ಕಟ್ಟಿಸಿದ್ದು ನಮ್ಮ ಮಾರಿಕಣಿವೆಯಂಥ ಅಣೆಕಟ್ಟೇ?
— ಓದುಗರು, ಹಿರಿಯೂರು

ಉತ್ತರ: ಅಲ್ಲ. ವೇದಾವತಿಗೆ 1907ರಲ್ಲಿ ಮುಗಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ನೀರು ಕೂಡಿಡುವ ಕಟ್ಟೆ. 1933ರ ಬಳಿಕ ಕೋಡಿ ಬಿದ್ದದ್ದು 2022ರಲ್ಲಿ. ರೈನ್ ವರ್ಷವಿಡೀ ಹರಿಯುವ ನದಿ, ಅಲ್ಲಿ ಕೂಡಿಡುವ ಗೊಡವೆ ಇಲ್ಲ. ಟರ್ಬೈನಿಗೆ ಬೇಕಾದ ಇಳಿತ ಸಿಗುವಷ್ಟು ನೀರಿನ ಮಟ್ಟ ಎತ್ತರಿಸಿ, ಉಳಿದದ್ದನ್ನು ಹರಿಯಲು ಬಿಟ್ಟರೆ ಆಯಿತು.