ಹಿತ್ತಲ ಕಾಶಿಕಣಗಿಲೆ, ಆಸ್ಪತ್ರೆಯ ಇಂಜೆಕ್ಷನ್

ಪ್ರಶ್ನೆ: ಮಾವನವರಿಗೆ ರಕ್ತದ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. ಅವರಿಗೆ ಕೊಡುವ ವಿನ್‌ಕ್ರಿಸ್ಟಿನ್ ಕಾಶಿಕಣಗಿಲೆಯಿಂದ ಬಂದದ್ದಂತೆ. ಗಿಡ ಹಿತ್ತಲಲ್ಲೇ ಇದೆ, ಎಲೆಯ ಕಷಾಯ ಮಾಡಿಕೊಡಬಹುದೇ?

ಉತ್ತರ: ದಯವಿಟ್ಟು ಬೇಡ. ಔಷಧದ ಮೂಲ ಆ ಗಿಡವೇ, ನಿಜ. ಆದರೆ ಅದೇ ಗಿಡದ ಇನ್ನೊಂದು ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್ 1 ಗ್ರಾಂ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ವಿನ್‌ಕ್ರಿಸ್ಟಿನ್ ಎಲೆಯಲ್ಲಿ ಅದಕ್ಕಿಂತಲೂ ಕಡಿಮೆ. ದೊಡ್ಡವರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ಮೀರದಂತೆ ಕೊಡುತ್ತಾರೆ. ಅಷ್ಟಕ್ಕೇ ಕಿಲೋಗಟ್ಟಲೆ ಎಲೆ ಬೇಕಾಯಿತು. ಆ ಔಷಧವನ್ನೂ ರಕ್ತನಾಳಕ್ಕೇ ಕೊಡಬೇಕು.

ಈ ಔಷಧಗಳು ಸಿಕ್ಕಿದ ಬಗೆಯಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಈ ಎಲೆಯ ಚಹಾ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಇಲಿಗಳ ಮೇಲೆ ಪರೀಕ್ಷಿಸಿದರು. ಬಾಯಿಗೆ ಕೊಟ್ಟಾಗ ಸಕ್ಕರೆ ಇಳಿಯಲಿಲ್ಲ. ಚುಚ್ಚಿ ಕೊಟ್ಟಾಗ ಬಿಳಿ ರಕ್ತಕಣ ಕುಸಿದು, ಇಲಿಗಳು ಸೋಂಕಿನಿಂದ ಸತ್ತವು. ಆ ಸುಳಿವು ಹಿಡಿದು 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು.

ಗಿಡದಲ್ಲಿ ನೂರಕ್ಕೂ ಹೆಚ್ಚು ಬೇರೆ ಆಲ್ಕಲಾಯ್ಡ್‌ಗಳಿವೆ (ದೇಹದ ಮೇಲೆ ಪರಿಣಾಮ ಬೀರುವ ಸಸ್ಯ ರಾಸಾಯನಿಕಗಳು). ಕೆಲವು ರಕ್ತದೊತ್ತಡ ಇಳಿಸುತ್ತವೆ. ಕೀಮೋ ನಡುವೆ ತಲೆಸುತ್ತು ಬಂದರೆ ಕಾರಣ ಯಾವುದೆಂದು ವೈದ್ಯರಿಗೂ ತಿಳಿಯದು. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಅವರಿಗೆ ಹೇಳಿ. ಬೆರಳ ತುದಿ ಜೋಮು ಹಿಡಿಯುವುದು, ಮಲಬದ್ಧತೆ ವಿನ್‌ಕ್ರಿಸ್ಟಿನ್‌ನಿಂದಲೂ ಬರುತ್ತವೆ, ಅದನ್ನೂ ತಿಳಿಸಿ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ನಾನು ಗಿಡವೊಂದರಿಂದ ತೆಗೆದ ಮೆಥನಾಲ್ ಸಾರ ಕ್ಯಾನ್ಸರ್ ಕೋಶಗಳನ್ನು ಕೊಂದಿತು. ಮುಂದೇನು ಮಾಡಲಿ?

ಉತ್ತರ: ಕೊಂದದ್ದು ಗಿಡವೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಸಾರ ಕರಗಿಸಿದ ಡಿಎಂಎಸ್‌ಒ ದ್ರಾವಕ ಬಾವಿಯಲ್ಲಿ (ಕೋಶ ಬೆಳೆಸುವ ತಟ್ಟೆಯ ಗುಳಿಯಲ್ಲಿ) ಶೇ 0.5 ಮೀರದಿರಲಿ, ಅಷ್ಟೇ ಡಿಎಂಎಸ್‌ಒ ಮಾತ್ರ ಹಾಕಿದ ಬಾವಿಗಳೂ ಇರಲಿ. ಕೋಶವೇ ಇಲ್ಲದ ಬಾವಿಗೂ ಸಾರ ಮತ್ತು ಎಂಟಿಟಿ (ಬದುಕಿರುವ ಕೋಶಗಳು ನೇರಳೆಗೆ ತಿರುಗಿಸುವ ಹಳದಿ ಬಣ್ಣ) ಹಾಕಿ ನೋಡಿ. ಅಲ್ಲೂ ಹಳದಿ ನೇರಳೆಗೆ ತಿರುಗಿದರೆ ಅದು ಸಾರದಲ್ಲಿರುವ ಪಾಲಿಫಿನಾಲ್ ಎಂಬ ಸಸ್ಯ ರಾಸಾಯನಿಕಗಳ ಕೆಲಸ, ನಿಮ್ಮ ಅಂಕಿ ನಂಬುವಂತಿಲ್ಲ. ಅವುಗಳಲ್ಲೊಂದಾದ ಟ್ಯಾನಿನ್ ಎಲ್ಲ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ. ಸಾರವನ್ನು ಪಾಲಿಅಮೈಡ್ ಕಾಲಮ್ಮಿನಲ್ಲಿ (ಪಾಲಿಅಮೈಡ್ ಪುಡಿ ತುಂಬಿದ ಕೊಳವೆಯಲ್ಲಿ) ಹಾಯಿಸಿ ಟ್ಯಾನಿನ್ ತೆಗೆದು ಮತ್ತೆ ಪರೀಕ್ಷಿಸಿ. ಆರೋಗ್ಯವಂತ ಕೋಶಗಳೂ ಅದೇ ಪ್ರಮಾಣಕ್ಕೆ ಸತ್ತರೆ ಅದು ಬರೀ ವಿಷ.

ಇಷ್ಟು ದಾಟಿದ ಮೇಲೆ ಹೆಕ್ಸೇನ್, ಈಥೈಲ್ ಅಸಿಟೇಟ್, ಬ್ಯೂಟನಾಲ್ ದ್ರಾವಕಗಳಲ್ಲಿ ಸಾರವನ್ನು ಭಾಗ ಮಾಡಿ, ಕೊಲ್ಲುವ ಗುಣ ಯಾವುದಕ್ಕೆ ಹೋಯಿತೆಂದು ಬೆನ್ನುಹತ್ತಿ. ಸಂಯುಕ್ತ ಸಿಕ್ಕರೂ ಅದಿನ್ನೂ ಮದ್ದಲ್ಲ. ನಮ್ಮ ಘಟ್ಟದ ದುರ್ವಾಸನೆ ಮರದಲ್ಲೂ ಇರುವ, ಕ್ಯಾನ್ಸರ್ ಕೋಶ ಕೊಲ್ಲುವ ಕ್ಯಾಂಪ್ಟೊಥೆಸಿನ್ 1966ರಲ್ಲೇ ಚೀನಾ ಮೂಲದ ಮರವೊಂದರಲ್ಲಿ ಪತ್ತೆಯಾಗಿತ್ತು. ನೀರಿನಲ್ಲಿ ಕರಗದ ಅದನ್ನು ಸೋಡಿಯಂ ಲವಣ ಮಾಡಿ ಕೊಟ್ಟರೆ ಗುಣ ಕುಂದಿತು, ಮೂತ್ರಕೋಶದಲ್ಲಿ ರಕ್ತಸ್ರಾವವಾಯಿತು. ಅದರ ರಚನೆ ತಿದ್ದಿ ಮಾಡಿದ ಕ್ಯಾನ್ಸರ್ ಔಷಧ ಟೋಪೊಟೆಕಾನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ.

ಹೂವಿರುವ ರೆಂಬೆಯೊಂದನ್ನು ಈಗಲೇ ಒತ್ತಿ ಒಣಗಿಸಿ, ಸ್ಥಳ, ತಾರೀಖು ಬರೆದು ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ) ಕೊಡಿ. ಗಿಡದ ಗುರುತೇ ತಪ್ಪಿದ್ದರೆ ಮುಂದಿನ ಕೆಲಸವೆಲ್ಲ ನೀರುಪಾಲು.