ಮೇಲಿನ ಮನೆ ಖಾಲಿ ಇದೆ, ಆದರೆ ಅತ್ತೆ ಒಪ್ಪುತ್ತಿಲ್ಲ

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ನಮ್ಮ ಮೇಲಿನ ಮನೆ ಖಾಲಿ ಇದೆ. ಆಫೀಸಿನ ಗೆಳತಿ ಮುಸ್ಲಿಂ, ಗಂಡ ಹೆಂಡತಿ ಇಬ್ಬರೂ ಮನೆ ಹುಡುಕುತ್ತಿದ್ದಾರೆ. ಹೆಸರು ಹೇಳಿದ ಕೂಡಲೇ 'ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟರು' ಅನ್ನುವ ಓನರ್‌ಗಳೇ ಜಾಸ್ತಿಯಂತೆ. ಅತ್ತೆಯೂ 'ನಮ್ಮ ಜನಕ್ಕೆ ಮಾತ್ರ' ಅಂತಾರೆ. ಸಂವಿಧಾನದವರೆಗೂ ಹೋಗಿ ಜಗಳವಾಡಿದೆ. ಈಗ ಇಬ್ಬರಿಗೂ ಮಾತಿಲ್ಲ. ಅತ್ತೆ ಮದುವೆಯಾಗಿ ಗಂಗಾವತಿಯಿಂದ ಬಂದಾಗ ಅವರ ಮಾತಿನ ಧಾಟಿ ಕೇಳಿ ಓನರ್ ಮನೆಯವರು ನಗುತ್ತಿದ್ದರಂತೆ, ನೀರಿನ ಕೊಡ ಎಣಿಸುತ್ತಿದ್ದರಂತೆ. ಅಂಥವರೇ ಹೀಗಂದರೆ? ಗೆಳತಿಯನ್ನೇ ಒಮ್ಮೆ ಕರೆತಂದು ಮಾತಾಡಿಸಲೇ?

ಉತ್ತರ: ಈಗ ಬೇಡ. ಮನೆ ಕೇಳಲು ಬಂದವಳು ಅತ್ತೆಯ ಮುಂದೆ 'ನಾವು ಒಳ್ಳೆಯವರು' ಅಂತ ಸಾಬೀತು ಮಾಡುತ್ತಾ ಕೂರಬೇಕು. ಅದೆಂಥಾ ಭೇಟಿ? ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ ಹುಡುಗರನ್ನು ಸೇರಿಸಿ ಕ್ರಿಕೆಟ್ ಆಡಿಸಿ ನೋಡಿದ ಅಧ್ಯಯನವೊಂದಿದೆ. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರು ತಂಡಗಳಾಗಿ ಆಡಿದವರಲ್ಲಿ ಹಾಗಾಗಲಿಲ್ಲ. ಸುಮ್ನೆ ಮುಖಾಮುಖಿ ಮಾಡಿಸಿದರೆ ಸಾಲದು.

ಮೊದಲು ಮಾತಾಡಬೇಕಾದವರು ನೀವು. 2008ರಲ್ಲಿ ಕ್ಯಾಲಿಫೋರ್ನಿಯಾದ ಜನ ಸಲಿಂಗಿಗಳ ಮದುವೆಯ ವಿರುದ್ಧ ಮತ ಹಾಕಿದರು. ಸೋತ ಕಾರ್ಯಕರ್ತರು ಮಾಡಿದ್ದೇನು ಗೊತ್ತಾ? ವಿರುದ್ಧ ಮತ ಹಾಕಿದವರ ಬಾಗಿಲಿಗೇ ಹೋಗಿ 'ಯಾಕೆ?' ಅಂತ ಕೇಳತೊಡಗಿದರು. ವಾದಕ್ಕಿಳಿಯದೆ ಕೇಳಿಸಿಕೊಂಡರು, ತಮ್ಮ ಕಥೆಯನ್ನೂ ಹೇಳಿಕೊಂಡರು. ಇದೇ ರೀತಿಯ ಮಾತುಕತೆಯನ್ನು ಬ್ರೂಕ್‌ಮನ್ ಮತ್ತು ಕಾಲಾ ಎಂಬ ಸಂಶೋಧಕರು ಮಯಾಮಿಯಲ್ಲಿ ಪರೀಕ್ಷಿಸಿದರು. ಅಲ್ಲಿ ವಿಷಯ ಟ್ರಾನ್ಸ್‌ಜೆಂಡರ್ ಜನರದ್ದು. 'ನೀವು ಬೇರೆ ಥರ ಇದ್ದೀರಿ ಅಂತ ನಿಮ್ಮನ್ನು ಯಾರಾದರೂ ಕೀಳಾಗಿ ಕಂಡದ್ದುಂಟಾ?' ಎಂದು ಮನೆಯವರನ್ನೇ ಕೇಳುತ್ತಿದ್ದರು. ಹತ್ತು ನಿಮಿಷದ ಆ ಮಾತಿನಿಂದ ಪೂರ್ವಗ್ರಹ ಕಡಿಮೆಯಾಯಿತು, ಆ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು ಎಂದು 2016ರಲ್ಲಿ ವರದಿಯಾಯಿತು. ಎಲ್ಲರೂ ಬದಲಾದರು ಅಂತಲ್ಲ.

ಆ ನೀರಿನ ಕೊಡದ ಕಥೆ ನಿಮ್ಮ ಕೈಯಲ್ಲೇ ಇದೆ. ಆದರೆ ಅದನ್ನು ಜಗಳದಲ್ಲಿ ಎಸೆಯಬೇಡಿ. 'ನಿಮಗೂ ಹೀಗೇ ಆಗಿತ್ತಲ್ಲಾ' ಅಂದಿರೋ, ಕಥೆ ಮುಗೀತು. ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕೂತು 'ಆ ಓನರಮ್ಮ ಎಷ್ಟು ಕೊಡ ಬಿಡ್ತಿದ್ರು ಅತ್ತೆ?' ಅಂತ ಕೇಳಿ. ಪೂರ್ತಿ ಹೇಳಲಿ, ಬಯ್ಯಲಿ. ಆಮೇಲೆ, ಸಾಧ್ಯವಾದರೆ ಇನ್ನೊಂದು ದಿನ, ಓನರ್‌ಗಳ ಬಾಗಿಲಲ್ಲೇ ಗೆಳತಿಗೆ ಆದದ್ದನ್ನು ಅತ್ತೆಗೆ ಹೇಳಿ. ಅತ್ತೆಗೆ ಭಯ ಯಾವುದರದ್ದು ಅಂತಲೂ ಕೇಳಿ. ಮಾಂಸದ ವಾಸನೆಯೋ, ನೆಂಟರ ಬಾಯೋ? ನನಗೇನೋ ಎರಡನೆಯದೇ ಅನಿಸುತ್ತದೆ. ನೆಂಟರ ಮಾತನ್ನು ನೀವು ಎದುರಿಸಬಹುದು, ಅಲ್ವಾ?

ಅತ್ತೆ ಬದಲಾಗುವ ತನಕ ಗೆಳತಿ ಕಾಯಬೇಕಿಲ್ಲ. ನಮ್ಮ ಮನೆ ಸದ್ಯಕ್ಕೆ ಆಗುತ್ತಿಲ್ಲ, ಕಾರಣ ಇದು ಎಂದು ನೇರವಾಗಿ ಹೇಳಿಬಿಡಿ. ಬೇರೆ ಮನೆ ನೋಡಲು ಹೋದಾಗ ಪರಿಚಯದವರಾಗಿ ಜೊತೆಗೆ ನಿಲ್ಲಿ.

ಅಂದ ಹಾಗೆ, ಪತ್ರದಲ್ಲಿ ನಿಮ್ಮ ಯಜಮಾನರ ಸುದ್ದಿಯೇ ಇಲ್ಲ. ತಮ್ಮ ಅಮ್ಮನ ಜೊತೆ ಮಾತಾಡುವ ಕೆಲಸವನ್ನು ಪೂರ್ತಿ ನಿಮ್ಮ ತಲೆಗೆ ಕಟ್ಟಿ ಅವರು ಎಲ್ಲಿದ್ದಾರೆ? ಸೊಪ್ಪು ಬಿಡಿಸಲು ಅವರನ್ನೂ ಕೂರಿಸಿ.