ಸಂಜೆ ಬ್ಯಾಚಿನ ಎಪ್ಪತ್ತೊಂದು

"ಮೇಡಂ, ನಾನು ಡೇ ಬ್ಯಾಚಲ್ಲಿದ್ದಿದ್ರೆ ಪಾಸಾಗ್ತಿದ್ದೆ ಅಲ್ವಾ?"

ವಿಡಿಯೋ ಕಾಲ್‌ನಲ್ಲಿ ಮುಖ ಸರಿಯಾಗಿ ಕಾಣುವ ಮೊದಲೇ ಬಂದ ಪ್ರಶ್ನೆ ಇದು. ಅವರಿಗೆ ಭಾನುವಾರ ಬೆಳಿಗ್ಗೆ 8, ಮೈಸೂರಿನಲ್ಲಿ ಕೂತು ಓದುವವರಿಗೆ ಸಲಹೆ ಕೊಡುವ ನನಗೆ ಸಂಜೆ ಆರೂವರೆ. (ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.)

ಹಾಸನದ ಕಡೆಯವರು, ವಯಸ್ಸು 34, ಓದಿದ್ದು ಬಿ.ಕಾಂ. ಮದುವೆಯಾಗಿ ಅಮೆರಿಕದ ಪೂರ್ವ ಕರಾವಳಿಗೆ ಹೋಗಿ ಒಂಬತ್ತು ವರ್ಷ. ಆರು ವರ್ಷದ ಮಗ. ವೃದ್ಧರ ನರ್ಸಿಂಗ್ ಹೋಮ್ ಒಂದರಲ್ಲಿ ಸಿಎನ್‌ಎ (ನರ್ಸಿನ ಸಹಾಯಕಿ) ಕೆಲಸ, ಅಂದರೆ ರೋಗಿಗಳಿಗೆ ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಬಿಪಿ ನೋಡುವುದು. ಅದರ ಜತೆಗೆ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ-ವಾರಾಂತ್ಯದ ನರ್ಸಿಂಗ್ ಕೋರ್ಸು. ಮೆಡಿಕಲ್-ಸರ್ಜಿಕಲ್ ವಿಷಯದ ಮೊದಲ ಪರೀಕ್ಷೆಯಲ್ಲಿ 71 ಬಂದಿತ್ತು. ಅಲ್ಲಿ ಪಾಸಾಗಲು 77 ಬೇಕು. ಅದೇ ಕಾಲೇಜಿನ ಹಗಲು ಬ್ಯಾಚಿನಲ್ಲಿರುವ ಗೆಳತಿಗೆ 88.

ಇದರ ಮೇಲೆ ಅತ್ತೆಯವರ ಫೋನು ಬೇರೆ: "ನರ್ಸಿಂಗ್ ಯಾರಾದ್ರೂ ಸಂಜೆ ಕಾಲೇಜಲ್ಲಿ ಕಲಿತಾರಾ?" ಅವರನ್ನು ದೂರಲಾರೆ. ನಮ್ಮಲ್ಲಿ ಬಿ.ಎಸ್ಸಿ. ನರ್ಸಿಂಗ್ ಎಂದರೆ ಪೂರ್ಣಾವಧಿಯ ಹಗಲು ಕೋರ್ಸು. ಸಂಜೆ ಕಾಲೇಜು ಎಂದರೆ ಗುಮಾಸ್ತರು ಕೆಲಸ ಮುಗಿಸಿಕೊಂಡು ಬಿ.ಎ., ಬಿ.ಕಾಂ. ಮಾಡುವ ಜಾಗ ಎಂದೇ ಆ ತಲೆಮಾರಿನ ತಿಳಿವಳಿಕೆ. ಈಕೆಗೂ ಒಳಗೊಳಗೆ ಅದೇ ಅನುಮಾನವಿತ್ತು, ಹಾಗಾಗಿ ಮಾತು ಚುಚ್ಚಿತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಇದು ಪರೀಕ್ಷಾ ಭಯ ಎಂದುಕೊಂಡು ಮೊದಲ ಭೇಟಿಯನ್ನು ಉಸಿರಾಟದ ಅಭ್ಯಾಸ ಹೇಳಿಕೊಡುವುದರಲ್ಲಿ ಕಳೆದೆ. ಆಕೆ ಮರ್ಯಾದೆಗೆ ಕೇಳಿಸಿಕೊಂಡರು, ಅಷ್ಟೆ.

ಎರಡನೇ ಭೇಟಿಗೆ ಎರಡು ಕೆಲಸ ಕೊಟ್ಟೆ. ಒಂದು ವಾರದ ಪ್ರತಿ ಗಂಟೆಯನ್ನೂ ಬರೆದಿಡಬೇಕು. ಜತೆಗೆ ಕಾಲೇಜಿನವರು ಪರೀಕ್ಷೆಯನ್ನು ಮರುಪರಿಶೀಲಿಸಲು ಬಿಟ್ಟಾಗ, ಯಾವ ಪ್ರಶ್ನೆ ಏಕೆ ತಪ್ಪಾಯಿತೆಂದು ಗುರುತು ಹಾಕಿಕೊಂಡು ಬರಬೇಕು.

ವಾರದ ಪಟ್ಟಿ ನೋಡಿದರೆ ನಾಲ್ಕು ದಿನ ಬೆಳಿಗ್ಗೆ 7ರಿಂದ 3ರವರೆಗೆ ಕೆಲಸ, ಒಟ್ಟು 32 ಗಂಟೆ. ಸೋಮವಾರ, ಬುಧವಾರ ಸಂಜೆ ಐದೂವರೆಯಿಂದ ಒಂಬತ್ತೂವರೆ ತರಗತಿ. ಶನಿವಾರ ಆಸ್ಪತ್ರೆಯಲ್ಲಿ 12 ಗಂಟೆ ಕ್ಲಿನಿಕಲ್ ತರಬೇತಿ. ಓದು ರಾತ್ರಿ ಹತ್ತೂವರೆಯಿಂದ ಒಂದು, ಸೋಫಾದ ಮೇಲೆ. ಬೆಳಿಗ್ಗೆ ಐದೂಕಾಲಿಗೆ ಅಲಾರಂ. ನಿದ್ದೆ ನಾಲ್ಕು ಗಂಟೆ ದಾಟಿದರೆ ಹೆಚ್ಚು. 88 ತೆಗೆದ ಗೆಳತಿ ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತಾರೆ ಎಂದು ಕೇಳಿದೆ. "ಅವಳು ಕೆಲಸಕ್ಕೆ ಹೋಗಲ್ಲ ಮೇಡಂ." ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಹಗಲು ಬ್ಯಾಚು, ಸಂಜೆ ಬ್ಯಾಚು ಎಂದು ಹೋಲಿಸುವವರು ಬಹಳಷ್ಟು ಸಲ ಹೋಲಿಸುತ್ತಿರುವುದು ಇದನ್ನೇ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ವಾರಕ್ಕೆ 16 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದ ನರ್ಸಿಂಗ್ ವಿದ್ಯಾರ್ಥಿಗಳ ಅಂಕ ಇಳಿದಿತ್ತು. ಅದೇ ಅಧ್ಯಯನದಲ್ಲಿ ವಯಸ್ಸಿನಲ್ಲಿ ದೊಡ್ಡವರು ಕಿರಿಯರಿಗಿಂತ ಚೆನ್ನಾಗಿ ಮಾಡಿದ್ದರು. ಈಕೆಯ ಮಟ್ಟಿಗೆ ವಯಸ್ಸು ಮೇಲಕ್ಕೆ ಎತ್ತುತ್ತಿತ್ತು, ಡ್ಯೂಟಿ ಕೆಳಕ್ಕೆ ಎಳೆಯುತ್ತಿತ್ತು. ಇನ್ನೊಂದು ಇತ್ತು. ಆ ಕಾಲೇಜಿನ ಟ್ಯೂಟರಿಂಗ್ ಕೇಂದ್ರ, ಪ್ರಾಕ್ಟೀಸ್ ಲ್ಯಾಬ್ ಎರಡೂ ಸಂಜೆ ಐದಕ್ಕೆ ಬಂದ್. ಸಂಜೆಯವರೂ ಕಟ್ಟುವುದು ಅದೇ ಫೀಸು, ಆದರೆ ಅವರು ಬರುವ ಹೊತ್ತಿಗೆ ದೀಪ ಆರಿರುತ್ತದೆ. ನನಗೆ ಸಿಟ್ಟು ಬಂದದ್ದು ಇಲ್ಲಿ.

ತಪ್ಪು ಉತ್ತರಗಳ ಹಾಳೆ ಮಾತ್ರ ನಾನು ನಿರೀಕ್ಷಿಸದ ಸಂಗತಿ ತೋರಿಸಿತು. ಔಷಧಿ ಲೆಕ್ಕ ಎಲ್ಲವೂ ಸರಿ. 0.125 ಮಿಲಿಗ್ರಾಂ ಕೊಡಬೇಕು, ಮಾತ್ರೆ 0.25ರದ್ದು, ಅರ್ಧ ಮಾತ್ರೆ: ಬಿ.ಕಾಂ. ಓದಿದವರಿಗೆ ಇದೇನು ಮಹಾ. ತಪ್ಪಾದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು "ನೀವು ಮೊದಲು ಏನು ಮಾಡುತ್ತೀರಿ?" ಎಂಬ ಜಾತಿಯವು. ರೋಗಿಗೆ ಇದ್ದಕ್ಕಿದ್ದಂತೆ ಏದುಸಿರು ಬಂದಿದೆ. ಈಕೆ ಗುರುತಿಸಿದ ಉತ್ತರ: ವೈದ್ಯರಿಗೆ ತಿಳಿಸುವುದು. ಸರಿಯುತ್ತರ: ಹಾಸಿಗೆಯ ತಲೆಭಾಗ ಎತ್ತುವುದು.

"ನಿಮ್ಮ ನರ್ಸಿಂಗ್ ಹೋಮಲ್ಲಿ ಹೀಗಾದ್ರೆ ಏನು ಮಾಡ್ತೀರಿ?" ಅಂದೆ.

"ಓಡಿಹೋಗಿ ನರ್ಸ್‌ಗೆ ಹೇಳ್ತೀನಿ."

ಹೇಳಿದ ಮರುಕ್ಷಣವೇ ಅವರಿಗೆ ಹೊಳೆಯಿತು. ಡ್ಯೂಟಿಯಲ್ಲಿ ಏನೇ ವ್ಯತ್ಯಾಸ ಕಂಡರೂ ಮೇಲಿನವರಿಗೆ ತಿಳಿಸುವುದೇ ಸಿಎನ್‌ಎ ಧರ್ಮ, ನಾಲ್ಕು ವರ್ಷದಿಂದ ಕೈಗೆ ಹತ್ತಿದ ಅಭ್ಯಾಸ. ಪ್ರಶ್ನೆಪತ್ರಿಕೆಯಲ್ಲಿ ಈಕೆಯೇ ನರ್ಸು. ಕ್ಲಿನಿಕಲ್‌ನಲ್ಲಿ ಹಗಲು ಬ್ಯಾಚಿನ ಹುಡುಗಿಯರು ರೋಗಿಯನ್ನು ಮುಟ್ಟಲು ಹಿಂಜರಿಯುವಾಗ ಮುಂದೆ ನಿಲ್ಲುತ್ತಿದ್ದ ಅನುಭವವೇ ಪರೀಕ್ಷೆಯಲ್ಲಿ ಕಾಲಿಗೆ ತೊಡರುತ್ತಿತ್ತು.

ದಡ್ಡಿ ಎಂಬ ಮಾತನ್ನು ಅವರು ನಾಲ್ಕಾರು ಸಲ ಆಡಿದ್ದರಿಂದ, ಹಾರ್ಟ್ ಫೇಲ್ಯೂರ್ ಅಂದರೇನು, ನಮ್ಮಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಿ ಅಂದೆ. ಒಂದು ಕ್ಷಣ ಯೋಚಿಸಿ, "ತೂಬು ಸರಿಯಾಗಿ ಬಿಡದಿದ್ರೆ ನೀರು ಹಿಂದಕ್ಕೆ ನಿಲ್ಲುತ್ತಲ್ಲ, ಹಾಗೆ. ಎಡಗಡೆ ಸೋತ್ರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತೆ, ದಮ್ಮು. ಬಲಗಡೆ ಸೋತ್ರೆ ಕಾಲು ಊತ" ಅಂದರು. ನನಗೆ ಯಾವ ಡಾಕ್ಟರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಹಗಲು ಬ್ಯಾಚಿಗೆ ಬದಲಾಯಿಸುವ ಯೋಚನೆ ಈ ಸೆಮಿಸ್ಟರಿಗೆ ಬೇಡ. ಡ್ಯೂಟಿ 32 ಗಂಟೆಯಲ್ಲೇ ಉಳಿದರೆ ಹಗಲಿನಲ್ಲೂ ಇದೇ ಕಥೆ. ಡ್ಯೂಟಿಯನ್ನು 16 ಗಂಟೆಗೆ ಇಳಿಸಿ. ತರಗತಿ ಇರುವ ರಾತ್ರಿ ಪುಸ್ತಕ ಮುಟ್ಟಬೇಡಿ, ಮಲಗಿ. ಓದಿದ್ದು ತಲೆಯಲ್ಲಿ ನೆಲೆಯಾಗುವುದಕ್ಕೂ ನಿದ್ದೆ ಬೇಕು. ದಿನಕ್ಕೆ 20 ಪ್ರಶ್ನೆ ಬಿಡಿಸಿ, ತಪ್ಪಾದವುಗಳ ಕಾರಣವನ್ನು ಒಂದೊಂದು ಸಾಲು ಕನ್ನಡದಲ್ಲಿ ಬರೆಯಿರಿ. ಪ್ರತಿ ಪ್ರಶ್ನೆಯ ಮೇಲೂ ಪೆನ್ಸಿಲ್‌ನಲ್ಲಿ "ನಾನೇ ನರ್ಸು" ಎಂದು ಬರೆದುಕೊಂಡೇ ಶುರುಮಾಡಿ. ಲ್ಯಾಬನ್ನು ವಾರಕ್ಕೊಂದು ದಿನ ತಡವಾಗಿ ತೆರೆದಿಡಿ ಎಂದು ಇಡೀ ಸಂಜೆ ಬ್ಯಾಚು ಸೇರಿ ಅರ್ಜಿ ಕೊಡಿ. ಇನ್ನು ಅತ್ತೆಯವರಿಗೆ ಉತ್ತರ: ಲೈಸೆನ್ಸಿಗೆ ಎಲ್ಲರೂ ಬರೆಯುವುದು ಒಂದೇ ಪರೀಕ್ಷೆ, ಎನ್‌ಕ್ಲೆಕ್ಸ್. ಐದು ಗಂಟೆ ಸಮಯ, 85ರಿಂದ 150 ಪ್ರಶ್ನೆ. ಕೊಟ್ಟ ಉತ್ತರ ನೋಡಿಕೊಂಡು ಕಂಪ್ಯೂಟರೇ ಮುಂದಿನ ಪ್ರಶ್ನೆ ಆರಿಸುತ್ತದೆ. ಕೊನೆಗೆ ಪಾಸು ಅಥವಾ ಫೇಲು, ಅಂಕವೇ ಇಲ್ಲ.

ಎಲ್ಲವನ್ನೂ ಅವರು ಕೇಳಲಿಲ್ಲ. ಡ್ಯೂಟಿಯನ್ನು 16ಕ್ಕೆ ಇಳಿಸಿ ಅಂದದ್ದಕ್ಕೆ ಖಡಾಖಂಡಿತ ಇಲ್ಲ ಅಂದರು. "ನಮ್ಮನೆಯವರು ಬೇಡ ಅನ್ನಲ್ಲ ಮೇಡಂ. ಆದ್ರೆ ಅಮ್ಮನಿಗೆ ತಿಂಗಳಿಗಿಷ್ಟು ಕಳಿಸೋದು ನನ್ನ ದುಡ್ಡಲ್ಲಿ." ಆ ಲೆಕ್ಕ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಕೊನೆಗೆ 24ಕ್ಕೆ ಒಪ್ಪಿದರು. ಶುಕ್ರವಾರದ ಡ್ಯೂಟಿ ಹೋಯಿತು, ಶನಿವಾರದ ಕ್ಲಿನಿಕಲ್‌ಗೆ ಮುಂಚಿನ ರಾತ್ರಿ ಏಳು ಗಂಟೆ ನಿದ್ದೆ ಬಂತು. ಲ್ಯಾಬಿನ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ.

ಎರಡನೇ ಪರೀಕ್ಷೆಯಲ್ಲಿ 79. ಮೂರನೆಯದರಲ್ಲಿ 76, ಮಗನಿಗೆ ಜ್ವರ ಬಂದ ವಾರ. ನಾಲ್ಕನೆಯದರಲ್ಲಿ 84. ಸರಾಸರಿ ಗೆರೆಗಿಂತ ಕೂದಲೆಳೆಯಷ್ಟು ಮೇಲಿದೆ, ಫೈನಲ್ ಬಾಕಿ ಇದೆ.

ಹೋದ ಸಲ ಕರೆ ಮುಗಿಸುವ ಮೊದಲು, "ಈಗ ನೀವೊಂದು ಉತ್ತರ ಹೇಳಿ ಮೇಡಂ" ಅಂದರು. ಡಿಗಾಕ್ಸಿನ್ (ನಾಡಿಯನ್ನು ನಿಧಾನ ಮಾಡುವ ಹೃದಯದ ಔಷಧಿ) ಮಾತ್ರೆ ಕೊಡಬೇಕು, ವಯಸ್ಕ ರೋಗಿ, ನಾಡಿ 52 ಇದೆ, ಮೊದಲು ಏನು ಮಾಡುತ್ತೀರಿ?

"ಡಾಕ್ಟರಿಗೆ ಫೋನ್ ಮಾಡ್ತೀನಪ್ಪ" ಅಂದೆ.

"ತಪ್ಪು. ಮಾತ್ರೆ ಕೊಡದೆ ತಡೆಹಿಡೀಬೇಕು. ಆಮೇಲೆ ಫೋನು."